ಒಂಬತ್ತು ಸೀಡಿ, ಒಂದು ರಿಮೋಟು

ಹೋದ ವರ್ಷ ದೀಪಾವಳಿ ಮುಂದೆ ನಮ್ಮ ಮನೆಯ ಡಿವಿಡಿ ಪ್ಲೇಯರ್ ಕೆಟ್ಟಿತು. ಸೀಡಿ ಇಟ್ಟರೆ ಒಳಗೆ ಎಳೆದುಕೊಳ್ಳುತ್ತಿತ್ತು, ಕರ್ರ್ ಕರ್ರ್ ಎಂದು ನಾಲ್ಕು ಸಲ ತಿರುಗಿ ‘ನೋ ಡಿಸ್ಕ್’ ಅನ್ನುತ್ತಿತ್ತು. ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರದ ರಿಪೇರಿ ಅಂಗಡಿಯವರು ಬಿಚ್ಚಿ ನೋಡಿ, “ಲೆನ್ಸ್ ಹೋಗೇತ್ರಿ ಅಕ್ಕಾರ. ಈ ಮಾಡೆಲ್‌ದು ಈಗ ಸಿಗಂಗಿಲ್ಲ” ಎಂದರು. ನಮ್ಮ ಮನೆಯಲ್ಲಿ ಆ ಪ್ಲೇಯರ್ ಬಳಸುತ್ತಿದ್ದವನು ಅಪ್ಪ ಒಬ್ಬನೇ, ಅದೂ ಒಂದೇ ಒಂದು ಆಟ ನೋಡಲಿಕ್ಕೆ.

ಅಪ್ಪನಿಗೆ ಈಗ 76. ಕುಂದಗೋಳ ತಾಲ್ಲೂಕಿನ ನಮ್ಮೂರಲ್ಲಿ ಮೂವತ್ತು ವರ್ಷ ದೊಡ್ಡಾಟದ ಸಾರಥಿ ಪಾತ್ರ ಮಾಡಿದವನು. ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ರಾಜ ರಂಗಕ್ಕೆ ಬಂದಾಗ “ತಾವು ಧಾರು?” ಎಂದು ಕೇಳಿ ಅವನ ಬಾಯಿಂದ ಕಥೆ ಹೊರಡಿಸುವವನೇ ಸಾರಥಿ. 2006ರ ಜಾತ್ರೆಯಲ್ಲಿ ಬಬ್ರುವಾಹನನ ಪ್ರಸಂಗ ಆಡಿದಾಗ ಊರವರು ಪಟ್ಟಿ ಕೂಡಿಸಿ, ಹುಬ್ಬಳ್ಳಿಯಿಂದ ವಿಡಿಯೋದವರನ್ನು ಕರೆಸಿ ಇಡೀ ಆಟ ತೆಗೆಸಿದ್ದರು. ರಾತ್ರಿ ಹತ್ತಕ್ಕೆ ಗಣಪತಿ ಪೂಜೆ, ಬೆಳಗಿನ ಆರೂವರೆಗೆ ಮಂಗಳಾರತಿ. ಅದೆಲ್ಲ ಒಂಬತ್ತು ವಿಸಿಡಿ, ಅಂದರೆ ವಿಡಿಯೋ ಸೀಡಿಗಳಾಗಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಮನೆಗೆ ಬಂತು. ಅವತ್ತು ಮದ್ದಳೆ ಬಾರಿಸಿದವರೂ ಆಟ ಕಲಿಸಿದ ಮಾಸ್ತರರೂ ಈಗ ಇಲ್ಲ. ಹಾಡು, ಮಾತು ಬರೆದಿಟ್ಟ ನೋಟ್‌ಬುಕ್ ಊರಲ್ಲಿದೆ. ಆದರೆ ಯಾವ ಮಾತಿಗೆ ಎಷ್ಟು ಹೆಜ್ಜೆ, ಎಲ್ಲಿ ತಿರುಗಬೇಕು, ಮದ್ದಳೆ ಎಲ್ಲಿ ಬಿಡುತ್ತದೆ ಎಂಬುದು ಈ ಸೀಡಿಗಳಲ್ಲಿ ಮಾತ್ರ ಉಳಿದಿದೆ.

ಈಗ ಅಣ್ಣನ ಮಗ ಸಾರಥಿ ಪಾತ್ರ ಕಲಿಯುತ್ತಿದ್ದಾನೆ. ರವಿವಾರ ರವಿವಾರ ನಮ್ಮ ವಿದ್ಯಾನಗರದ ಮನೆಗೆ ಬರುತ್ತಾನೆ. ಅಪ್ಪ ಹಾಲಿನ ಕುರ್ಚಿಗಳನ್ನು ಗೋಡೆಗೆ ಸರಿಸಿ, ಟಿ.ವಿ. ಹಚ್ಚಿ, ತೋರಿಸಿ ಕಲಿಸುತ್ತಾನೆ. ಆದ್ದರಿಂದ ಪ್ಲೇಯರ್ ಕೆಟ್ಟಿದ್ದು ಅಪ್ಪನಿಗೆ ಪಾಠಶಾಲೆಯ ಬೋರ್ಡು ಒಡೆದಂತೆ ಆಯಿತು. “ಯವ್ವಾ, ಒಂದು ವ್ಯವಸ್ಥಾ ಮಾಡು” ಎಂದ. ಅಷ್ಟೇ ಹೇಳಿದ್ದು. ಆ ಒಂದು ವ್ಯವಸ್ಥೆಗೆ ನನಗೆ ಮೂರು ತಿಂಗಳು ಹಿಡಿಯಿತು. ಹಳೇ ಮದುವೆ ಕ್ಯಾಸೆಟ್ಟು, ಸೀಡಿ, ಪೆನ್ ಡ್ರೈವ್ ಇಟ್ಟುಕೊಂಡು ಟಿ.ವಿ.ಯಲ್ಲಿ ನೋಡುವುದು ಹೇಗೆ ಎಂದು ಕೂತವರು ನಮ್ಮ ಕಡೆ ಬಹಳ ಮಂದಿ ಇದ್ದಾರೆ. ಅವರಿಗೆ ಉಪಯೋಗವಾಗಲಿ ಎಂದು ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ಹೊಸ ಡಿವಿಡಿ ಪ್ಲೇಯರ್ ತಂದರೆ ಮುಗಿಯಿತಲ್ಲ ಎಂದು ಮೊದಲು ನನಗೂ ಅನಿಸಿತ್ತು. ಎರಡು ಕಾರಣಕ್ಕೆ ಬೇಡ ಎಂದೆ. ಒಂದು, ಹತ್ತೊಂಬತ್ತು ವರ್ಷದ ಸೀಡಿಗಳು ಗೀರು ಬಿದ್ದು ಬಿದ್ದು ಸಾಯುವ ಹಂತಕ್ಕೆ ಬಂದಿದ್ದವು. ಇನ್ನೂ ತಿರುಗಿಸುತ್ತಾ ಹೋಗುವ ಬದಲು ಒಂದು ಸಲ ಕಂಪ್ಯೂಟರಿಗೆ ಇಳಿಸಿ ಎತ್ತಿಡಬೇಕಿತ್ತು. ಎರಡು, ಅಣ್ಣನ ಮಗಳು ಹುಡುಗನ ಹೆಜ್ಜೆಗಳನ್ನು ಫೋನಿನಲ್ಲಿ ಹಿಡಿದು ಅಪ್ಪನಿಗೆ ತೋರಿಸುತ್ತಾಳೆ. ವಿಸಿಡಿ 1993ರ ಪದ್ಧತಿ. ಈಗಿನ ಹಲವು ಫೋನುಗಳು ವಿಡಿಯೋ ಹಿಡಿಯುವುದು 2013ರಲ್ಲಿ ಬಂದ, ವಿಡಿಯೋವನ್ನು ಒತ್ತಿ ಸಣ್ಣದು ಮಾಡಿಡುವ ಎಚ್‌ಇವಿಸಿ ಪದ್ಧತಿಯಲ್ಲಿ. ಅಜ್ಜನದೂ ಮೊಮ್ಮಗನದೂ ಎರಡೂ ಒಂದೇ ಪೆಟ್ಟಿಗೆಯಲ್ಲಿ ಓಡಬೇಕು.

ಇಳಿಸುವ ಕೆಲಸವೇ ಒಂದು ಕಥೆ. ವಿಸಿಡಿ ತೆರೆದು ನೋಡಿದರೆ ಅದರೊಳಗೆ ಎಂಪೆಗ್‌ಎವಿ ಎಂಬ ಫೋಲ್ಡರ್, ಅದರಲ್ಲಿ ‘ಎವಿಸೆಕ್01.ಡ್ಯಾಟ್’ ಎಂಬ ಫೈಲು. ಒಂಬತ್ತೂ ಸೀಡಿಗಳಲ್ಲಿ ಅದೇ ಹೆಸರು! ಮೊದಲನೆಯದನ್ನು ಕಾಪಿ ಮಾಡಿ, ಎರಡನೆಯದನ್ನು ಅದೇ ಜಾಗಕ್ಕೆ ಹಾಕುವಾಗ ‘ಬದಲಿಸಲೇ?’ ಎಂದು ಕಂಪ್ಯೂಟರ್ ಕೇಳಿತು. ಹುಡುಗ ಹೌದು ಎಂದು ಒತ್ತಿಬಿಟ್ಟ. ಗಣಪತಿ ಪೂಜೆ ಮಾಯ. ಸೀಡಿ ಕೈಯಲ್ಲೇ ಇತ್ತು, ಮತ್ತೆ ಇಳಿಸಿದೆವು. ನೀವು ಮಾಡುವುದಾದರೆ ಸೀಡಿಗೊಂದು ಫೋಲ್ಡರ್ ಮೊದಲೇ ಮಾಡಿಟ್ಟುಕೊಳ್ಳಿ, ಸೀಡಿಯ ಮೇಲೂ ಅದೇ ನಂಬರ್ ಬರೆಯಿರಿ.

ಆರನೆಯ ಸೀಡಿ ಅರ್ಧಕ್ಕೆ ನಿಂತಿತು. ಬಬ್ರುವಾಹನ ತನ್ನ ಅಪ್ಪನ ಪಾದಕ್ಕೆ ಎರಗಲು ಬಂದು, ಅರ್ಜುನ ಅವನನ್ನು ಮಗನೇ ಅಲ್ಲ ಎಂದು ಜರಿಯುವ ಭಾಗ ಅದರಲ್ಲಿದೆ. ಸೀಡಿಯನ್ನು ಬೆಳಕಿಗೆ ಹಿಡಿದರೆ ಹೊರ ಅಂಚಿನ ಹತ್ತಿರ ಚಂದ್ರನ ಹಾಗೆ ಬಾಗಿದ ಗೀರು. ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದೆ. ದುಂಡಗೆ ಒರೆಸಬಾರದು, ಒರೆಸುವಾಗ ಹೊಸ ಗೀರು ಬಿದ್ದರೂ ಅದು ಸುತ್ತಿನ ಉದ್ದಕ್ಕೆ ಬೀಳಬಾರದು. ಆದರೂ ನನ್ನ ಲ್ಯಾಪ್‌ಟಾಪಿನ ಡ್ರೈವ್ ಓದಲಿಲ್ಲ. ಆಫೀಸಿನ ಸಹೋದ್ಯೋಗಿಯೊಬ್ಬರ ಮನೆಯ ಹಳೇ ಕಂಪ್ಯೂಟರಿನ ಡ್ರೈವ್ ಓದಿತು. ಡ್ರೈವಿನಿಂದ ಡ್ರೈವಿಗೆ ಓದುವ ಶಕ್ತಿ ಬೇರೆ, ಒಂದರಲ್ಲಿ ಆಗಲಿಲ್ಲವೆಂದು ಸೀಡಿ ಎಸೆಯಬೇಡಿ. ಎರಡು ತಾಸು ತಿರುಗಿ ತಿರುಗಿ, ಕೊನೆಗೆ ನಾಲ್ಕು ನಿಮಿಷ ಬಿಟ್ಟು ಉಳಿದದ್ದೆಲ್ಲ ಬಂತು. ಆ ನಾಲ್ಕು ನಿಮಿಷದಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಧ್ವನಿ ಬಿಟ್ಟು ಬಿಟ್ಟು ಬರುತ್ತದೆ. ಅಷ್ಟು ಉಳಿದದ್ದೇ ದೊಡ್ಡದು ಎಂದ ಅಪ್ಪ.

ಇನ್ನು ಟಿ.ವಿ. ನಮ್ಮದು 43 ಇಂಚಿನದು, ಹಿಂದೆ ಯುಎಸ್‌ಬಿ ಕಿಂಡಿ ಇದೆ. ಪೆನ್ ಡ್ರೈವ್ ಚುಚ್ಚಿದರೆ ಆಗಬೇಕಲ್ಲ? ಡ್ಯಾಟ್ ಫೈಲುಗಳು ಅದರ ಕಣ್ಣಿಗೇ ಕಾಣಲಿಲ್ಲ. ಡ್ಯಾಟ್ ಒಳಗಿರುವುದು ಸಾದಾ ಎಂಪೆಗ್-1 ವಿಡಿಯೋ. ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶದಲ್ಲಿ ಚಿತ್ರವನ್ನು ಮುಟ್ಟದೆ ಹೊದಿಕೆ ಮಾತ್ರ ಬದಲಿಸಿದೆ. ಮರುಎನ್‌ಕೋಡ್, ಅಂದರೆ ಚಿತ್ರವನ್ನೇ ಬಿಚ್ಚಿ ಹೊಸದಾಗಿ ಕಟ್ಟುವುದು, ಮಾಡಲಿಲ್ಲ; ಮಾಡಿದರೆ ಇದ್ದ ಸ್ವಲ್ಪ ಸ್ಪಷ್ಟತೆಯೂ ಹೋಗುತ್ತದೆ. ಆಮೇಲೆ ಒಂಬತ್ತನ್ನೂ ಕೂಡಿಸಿ ಒಂದೇ ಫೈಲು ಮಾಡುವ ಆಸೆ ಹುಟ್ಟಿತು. ವಿಸಿಡಿ ನಿಮಿಷಕ್ಕೆ ಸುಮಾರು 10 ಎಂಬಿ, ಎಂಟೂವರೆ ತಾಸಿಗೆ 5 ಜಿಬಿಗೂ ಮೇಲೆ. ಪೆನ್ ಡ್ರೈವಿಗೆ ಹಾಕಲು ಹೋದರೆ ‘ಫೈಲು ಬಹಳ ದೊಡ್ಡದು’ ಎಂದಿತು. 32 ಜಿಬಿ ಡ್ರೈವಿನಲ್ಲಿ 30 ಜಿಬಿ ಖಾಲಿ ಇತ್ತು! ಕಾರಣ ಫ್ಯಾಟ್32, ಡ್ರೈವಿನಲ್ಲಿ ಫೈಲುಗಳನ್ನು ಜೋಡಿಸಿಡುವ ಒಂದು ಕ್ರಮ. ಆ ಫಾರ್ಮ್ಯಾಟಿನಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ. ಎಕ್ಸ್‌ಫ್ಯಾಟ್ ಮಾಡಿದೆ, ಟಿ.ವಿ. ಅದನ್ನು ಓದಲಿಲ್ಲ. ಎನ್‌ಟಿಎಫ್‌ಎಸ್ ಮಾಡಿದ ಮೇಲೆ ಓದಿತು. ಈಗ ಯೋಚಿಸಿದರೆ ಎನ್‌ಟಿಎಫ್‌ಎಸ್ಸೇ ಒಳ್ಳೆಯದಾಯಿತು. ಏನು ಬದಲಾಗುತ್ತಿದೆ ಎಂಬುದನ್ನು ಅದು ಮೊದಲೇ ದಾಖಲಿಸಿಟ್ಟುಕೊಳ್ಳುತ್ತದೆ, ಹೀಗಾಗಿ ನಡುವೆ ಫಕ್ಕನೆ ಕರೆಂಟ್ ಹೋದರೂ ಡ್ರೈವ್ ಕೆಡುವ ಭಯ ಕಡಿಮೆ. ಎಕ್ಸ್‌ಫ್ಯಾಟಿಗೆ ಆ ದಾಖಲೆ ಇಲ್ಲ.

ಅಂತೂ ಟಿ.ವಿ.ಯಲ್ಲಿ ಆಟ ಮೂಡಿತು. ಅಪ್ಪ ಕನ್ನಡಕ ಒರೆಸಿಕೊಂಡು ಕೂತ. ಎರಡು ನಿಮಿಷಕ್ಕೆ ಮುಖ ಸಣ್ಣದು ಮಾಡಿದ. “ಅರ್ಜುನ ಯಾಕ ಇಷ್ಟ ದಪ್ಪ ಆಗ್ಯಾನ?”

ಹಳೆಯ ಚಿತ್ರ ನಾಲ್ಕಕ್ಕೆ ಮೂರರ ಅಳತೆಯದು. ಟಿ.ವಿ. ಅದನ್ನು ಅಡ್ಡಕ್ಕೆ ಎಳೆದು ತನ್ನ ಇಡೀ ಪರದೆ ತುಂಬಿಸಿತ್ತು. ಭುಜಕೀರ್ತಿಗಳು ರೆಕ್ಕೆಯ ಹಾಗೆ ಅಗಲ, ಕಾಲು ಗಿಡ್ಡ. ನೋಡಿ ಹೆಜ್ಜೆ ಕಲಿಯುವವನಿಗೆ ಇದು ಸಣ್ಣ ತಪ್ಪಲ್ಲ. ಪಾದ ಎಷ್ಟು ದೂರ ಇಡಬೇಕು ಎಂಬ ಅಂದಾಜೇ ಕೆಡುತ್ತದೆ. ನಮ್ಮ ಟಿ.ವಿ.ಯಲ್ಲಿ ಯುಎಸ್‌ಬಿ ಫೈಲುಗಳಿಗೆ ಆ ಅಳತೆ ಬದಲಿಸುವ ದಾರಿ ಇರಲಿಲ್ಲ. ಹಿಂದಕ್ಕೆ ಒತ್ತಿದರೆ ಹತ್ತು ಸೆಕೆಂಡ್ ಹೋಗುವ ಬದಲು ಎಲ್ಲೋ ಐದು ನಿಮಿಷ ಹಿಂದೆ ಬೀಳುತ್ತಿತ್ತು. ಆರಿಸಿ ಮತ್ತೆ ಹಚ್ಚಿದರೆ ಗಣಪತಿ ಪೂಜೆಯಿಂದ ಶುರು. ಫೈಲಿನ ಹೆಸರನ್ನು ಕನ್ನಡದಲ್ಲಿ ಬರೆದಿದ್ದೆ, ಅದು ‘ಬಬ್‌ರುವಾಹನ’ ಎಂದು ಒತ್ತು ಬಿಚ್ಚಿಕೊಂಡು ಬಂತು. ಅಪ್ಪ ಓದಿ, “ಇದೇನು ಹಿಂಗ ಮುರದ ಬರದೀ ಯವ್ವಾ” ಎಂದಾಗ ನನಗೆ ನಿಜವಾಗಿ ಬೇಜಾರಾಯಿತು. ಮನೆಯ ಟಿ.ವಿ.ಯಲ್ಲಿ ನಮ್ಮ ಅಕ್ಷರ ನೆಟ್ಟಗೆ ನಿಲ್ಲಬೇಕು ಎನ್ನುವುದು ದೊಡ್ಡ ಬೇಡಿಕೆಯೇನಲ್ಲ.

ಆ ಸಂಜೆ ಒಂದು ಹಾಳೆ ತೆಗೆದುಕೊಂಡು ಅಪ್ಪನನ್ನೇ ಕೇಳಿ ಕೇಳಿ ಬರೆದೆ. ರಿಮೋಟು ಒಂದೇ ಇರಬೇಕು. ಒಂದು ಗುಂಡಿ ಒತ್ತಿದರೆ ಒಂದು ಮಾತಿನಷ್ಟು ಮಾತ್ರ ಹಿಂದೆ ಹೋಗಬೇಕು. ನಿನ್ನೆ ಬಿಟ್ಟಲ್ಲಿಂದ ಇವತ್ತು ಶುರುವಾಗಬೇಕು. ಮನುಷ್ಯರು ಮನುಷ್ಯರ ಹಾಗೆ ಕಾಣಬೇಕು. ಸೀಡಿ ಒಡೆದಲ್ಲಿ ಪೆಟ್ಟಿಗೆ ನಿಲ್ಲದೆ ಮುಂದೆ ಹೋಗಬೇಕು. ಅದರಲ್ಲಿ 4ಕೆ ಇಲ್ಲ, 8ಕೆ ಇಲ್ಲ, ನೂರು ಆ್ಯಪ್ ಇಲ್ಲ. ಅಂಗಡಿಯಲ್ಲಿ ಮಾತ್ರ ಮಾತು ಶುರುವಾಗುವುದೇ ಅಲ್ಲಿಂದ.

ಕೊಪ್ಪಿಕರ್ ರಸ್ತೆಯ ಅಂಗಡಿಗಳಿಗೆ ಹೋಗುವಾಗ ಪರ್ಸಿನಲ್ಲಿ ಪೆನ್ ಡ್ರೈವ್ ಇಟ್ಟುಕೊಂಡು ಹೋದೆ. ಅದರಲ್ಲಿ ಮೂರೇ ಫೈಲು: ಆರನೆಯ ಸೀಡಿಯ ಒಡೆದ ಭಾಗ, ಹುಡುಗಿಯ ಫೋನಿನ 4ಕೆ ವಿಡಿಯೋ, ಅಣ್ಣನ ಮದುವೆಯ ಡಿವಿಡಿಯಿಂದ ತೆಗೆದ ವಿಒಬಿ ಫೈಲು. ಯಾರಾದರೂ ಈ ಬರಹದಿಂದ ಒಂದೇ ಒಂದು ಮಾತು ಒಯ್ಯುವುದಾದರೆ ಇದನ್ನು ಒಯ್ಯಿರಿ: ನಿಮ್ಮ ಮನೆಯ ಅತಿ ಕೆಟ್ಟ ಫೈಲನ್ನು ಅಂಗಡಿಗೆ ತೆಗೆದುಕೊಂಡು ಹೋಗಿ. ಅಲ್ಲಿ ಅವರು ತೋರಿಸುವ ನೀಲಿ ಸಮುದ್ರ, ಗಿಳಿ, ಹೂವಿನ ವಿಡಿಯೋ ಎಲ್ಲ ಪೆಟ್ಟಿಗೆಗಳಲ್ಲೂ ಚೆಂದವೇ ಕಾಣುತ್ತದೆ.

ಮೊದಲು ತೋರಿಸಿದ್ದು ಹೆಸರಿಲ್ಲದ ಒಂದು ಆ್ಯಂಡ್ರಾಯ್ಡ್ ಬಾಕ್ಸ್. “8ಕೆ ಹಾಡ್ತೈತ್ರಿ ಅಕ್ಕಾರ, ಎಲ್ಲಾ ಹಾಡ್ತೈತಿ” ಎಂದ ಅಂಗಡಿಯ ಹುಡುಗ. ಫೋನಿನ ವಿಡಿಯೋ ಹಾಕಿದರೆ ತಡವರಿಸಿತು. ಸೀಡಿ ಒಡೆದ ಜಾಗಕ್ಕೆ ಬಂದೊಡನೆ ನಿಂತೇಬಿಟ್ಟಿತು, ಪ್ಲಗ್ ಕಿತ್ತು ಹಾಕಬೇಕಾಯಿತು. ಇಂಥ ಅಗ್ಗದ ಪೆಟ್ಟಿಗೆಗಳ ಬಗ್ಗೆ ಇನ್ನೊಂದು ಹೆದರಿಕೆಯೂ ನನಗಿದೆ. ಕೆಲವದರಲ್ಲಿ ಕಾರ್ಖಾನೆಯಿಂದಲೇ ಕೆಟ್ಟ ತಂತ್ರಾಂಶ ತುಂಬಿ ಬರುತ್ತದೆ ಎಂಬುದನ್ನು ಸುರಕ್ಷತಾ ಸಂಶೋಧಕರು 2023ರಲ್ಲಿ ಬಯಲು ಮಾಡಿದ್ದರು. ಬ್ಯಾಂಕಿನಲ್ಲಿ ಕೆಲಸ ಮಾಡುವವಳು ನಾನು. ನನ್ನ ಫೋನ್ ಇರುವ ಅದೇ ವೈಫೈಗೆ ಅಂಥದ್ದನ್ನು ಜೋಡಿಸಲು ಕೈ ಬರಲಿಲ್ಲ.

ಎರಡನೆಯದು ಗೂಗಲ್ ಮಾನ್ಯತೆ ಇದ್ದ ಪೆಟ್ಟಿಗೆ, ಯುಎಸ್‌ಬಿ ಕಿಂಡಿಯೂ ಇತ್ತು. (ಟಿ.ವಿ.ಗೆ ನೇರ ಚುಚ್ಚುವ ಸಣ್ಣ ಕಡ್ಡಿಗಳಲ್ಲಿ ಹೆಚ್ಚಿನವಕ್ಕೆ ಇದು ಇರುವುದಿಲ್ಲ, ಕೇಳಿಯೇ ಕೊಳ್ಳಿ.) ಅದರಲ್ಲಿ ವಿಎಲ್‌ಸಿ ಎಂಬ ಉಚಿತ ವಿಡಿಯೋ ಆ್ಯಪ್ ಹಾಕಿಸಿ ನೋಡಿದೆ. ಮೂರೂ ಫೈಲು ಓಡಿದವು. ಒಡೆದ ಜಾಗದಲ್ಲಿ ಒಂದು ಕ್ಷಣ ನಿಂತು ಮುಂದೆ ಹೋಯಿತು. ಕಂಪ್ಯೂಟರ್ ಗೊಡವೆ ಬೇಡ ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ, ತಂದಿದ್ದರೆ ತಪ್ಪಾಗುತ್ತಿರಲಿಲ್ಲ. ಆದರೆ ಹಚ್ಚಿದ ಕೂಡಲೇ ಎದುರಿಗೆ ಬರುವುದು ಸಿನಿಮಾ, ಧಾರಾವಾಹಿ, ಕ್ರಿಕೆಟ್ಟಿನ ಚಿತ್ರಗಳ ಸಂತೆ. ಅದರ ನಡುವೆ ಅಪ್ಪ ತನ್ನ ಆಟ ಹುಡುಕಿಕೊಂಡು ಹೋಗಬೇಕು. ಆ ಪುಟ ನೋಡುತ್ತಾ ಅಂಗಡಿಯಲ್ಲಿ ನಿಂತಾಗ ಅಪ್ಪನ ಹೆಬ್ಬೆರಳು ಕಣ್ಣಮುಂದೆ ಬಂತು. ನೇಗಿಲು ಹಿಡಿದು ದಪ್ಪಗಾದ ಬೆರಳು. ಸಣ್ಣ ಗುಂಡಿ ಒತ್ತಿದರೆ ಪಕ್ಕದ್ದೂ ಒತ್ತುತ್ತದೆ.

ಫೋನಿನಿಂದ ಟಿ.ವಿ.ಗೆ ಕಳಿಸುವುದು, ಲ್ಯಾಪ್‌ಟಾಪ್ ಜೋಡಿಸುವುದು ಎಲ್ಲ ನೋಡಿದೆ. ನಾನು ಮನೆಯಲ್ಲಿದ್ದಾಗ ಆಗುತ್ತದೆ, ಆಫೀಸಿಗೆ ಹೋದರೆ ಅಪ್ಪನ ಪಾಠ ಬಂದ್.

ದಾರಿ ತೋರಿಸಿದ್ದು ಅಣ್ಣನ ಮಗಳೇ. ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾಳೆ. “ಅತ್ತಿ, ನನ್ನ ಪ್ರಾಜೆಕ್ಟಿನ ಬೋರ್ಡ್ ಖಾಲಿ ಬಿದ್ದೈತಿ, ಒಂದ್ ವಾರ ಹಚ್ಚಿ ನೋಡ್ರಿ” ಎಂದು ರಾಸ್ಪ್‌ಬೆರಿ ಪೈ 4 ತಂದಳು. ಅಂಗೈಯಷ್ಟು ಬೋರ್ಡು, ಅದೇ ಒಂದು ಪುಟ್ಟ ಕಂಪ್ಯೂಟರ್. ಅದಕ್ಕೆ ಮೆಮೊರಿ ಕಾರ್ಡಿನಲ್ಲಿ ಲಿಬ್ರೆಎಲೆಕ್ ಹಾಕಿದಳು. ಅದು ಕೋಡಿ ಎಂಬ ಉಚಿತ ತಂತ್ರಾಂಶವನ್ನು ಓಡಿಸಲಿಕ್ಕೆಂದೇ ಇರುವ ಸಣ್ಣ ವ್ಯವಸ್ಥೆ. ಕೋಡಿ ಮೊದಲು ಎಕ್ಸ್‌ಬಾಕ್ಸ್ ಆಟದ ಯಂತ್ರಕ್ಕೆ ಹುಟ್ಟಿದ್ದು, 2014ರಲ್ಲಿ ಈ ಹೆಸರು ಬಂತು. ಅದು ತಾನಾಗಿ ಯಾವ ಸಿನಿಮಾವನ್ನೂ ಕೊಡುವುದಿಲ್ಲ, ನಿಮ್ಮಲ್ಲಿರುವ ಫೈಲುಗಳನ್ನು ಚೆನ್ನಾಗಿ ತೋರಿಸುತ್ತದೆ. ನಮಗೆ ಬೇಕಾದದ್ದೂ ಅಷ್ಟೇ. ಪೈ 4ರ ಚಿಪ್ಪಿನಲ್ಲೇ ಎಚ್‌ಇವಿಸಿ ಬಿಚ್ಚುವ ಶಕ್ತಿ ಇದೆ, ಫೋನಿನ 4ಕೆ ವಿಡಿಯೋ ನೀರಿನ ಹಾಗೆ ಹರಿಯಿತು. ವಿಸಿಡಿಯಂತೂ ಅದಕ್ಕೆ ಲೆಕ್ಕಕ್ಕೇ ಇಲ್ಲ.

ನನ್ನ ಮನಸ್ಸು ಪೂರ್ತಿ ಒಲಿದದ್ದು ರಿಮೋಟಿಗೆ. ಪೆಟ್ಟಿಗೆಯಿಂದ ಟಿ.ವಿ.ಗೆ ಚಿತ್ರ, ಧ್ವನಿ ಒಯ್ಯುವ ಎಚ್‌ಡಿಎಂಐ ತಂತಿಯೊಳಗೇ ಸಿಇಸಿ ಎಂಬ ಒಂದು ಎಳೆ ಇದೆ. ಟಿ.ವಿ. ರಿಮೋಟಿನ ಗುಂಡಿ ಒತ್ತಿದರೆ ಟಿ.ವಿ. ಆ ಸುದ್ದಿಯನ್ನು ಪೆಟ್ಟಿಗೆಗೆ ದಾಟಿಸುತ್ತದೆ. ಟಿ.ವಿ. ಸೆಟಿಂಗಿನಲ್ಲಿ ಇದನ್ನು ಹುಡುಕಿದರೆ ಸಿಇಸಿ ಎಂದು ಇರುವುದಿಲ್ಲ. ಸ್ಯಾಮ್‌ಸಂಗ್‌ನವರು ಎನಿನೆಟ್ ಪ್ಲಸ್ ಎನ್ನುತ್ತಾರೆ, ಎಲ್‌ಜಿಯವರು ಸಿಂಪ್‌ಲಿಂಕ್, ಸೋನಿಯವರು ಬ್ರಾವಿಯಾ ಸಿಂಕ್. ಅದನ್ನು ಆನ್ ಮಾಡಿದ ಮೇಲೆ ಅಪ್ಪ ದಿನಾ ಹಿಡಿಯುವ ಟಿ.ವಿ. ರಿಮೋಟಿನ ಬಾಣದ ಗುಂಡಿಗಳೇ ಕೋಡಿಯನ್ನೂ ನಡೆಸಿದವು. ಎಡಕ್ಕೆ ಒಂದು ಸಲ ಒತ್ತಿದರೆ ಹತ್ತು ಸೆಕೆಂಡ್ ಹಿಂದೆ. ಅಂದರೆ ಸರಿಯಾಗಿ ಒಂದು ಮಾತು.

ವಾರ ಮುಗಿಯುವುದರೊಳಗೆ ನಮ್ಮದೇ ಒಂದು ಬೋರ್ಡು ತರಿಸಿದೆ. ಇದಕ್ಕೆ ಮೈಕ್ರೊ ಎಚ್‌ಡಿಎಂಐ ತಂತಿ ಬೇಕು, ಮನೆಯಲ್ಲಿರುವ ದೊಡ್ಡ ಮೂತಿಯದು ಕೂಡುವುದಿಲ್ಲ. ಫೋನಿನ ಹಳೇ ಚಾರ್ಜರೂ ಸಾಲದು, 5 ವೋಲ್ಟ್ 3 ಆಂಪ್ಸ್‌ನದೇ ಹಾಕಬೇಕು. ಟಿ.ವಿ. ಹಿಂದಿನ ಯುಎಸ್‌ಬಿ ಕಿಂಡಿಯಿಂದ ಕರೆಂಟ್ ತೆಗೆದುಕೊಳ್ಳಲು ಹೋಗಬೇಡಿ. ಅಲ್ಲಿ ಸಾಮಾನ್ಯವಾಗಿ ಅರ್ಧ ಆಂಪ್ಸ್ ಸಿಗುತ್ತದೆ, ಬೋರ್ಡು ನಡುನಡುವೆ ಸತ್ತು ಎದ್ದೇಳುತ್ತದೆ.

ಕೋಡಿಯಲ್ಲಿ ಹೊಂದಿಸಿದ್ದನ್ನೆಲ್ಲ ಬರೆದರೆ ಬಹಳವಾಗುತ್ತದೆ. ಹಚ್ಚಿದ ಕೂಡಲೇ ವಿಡಿಯೋ ಪುಟವೇ ಬರುವ ಹಾಗೆ ಮಾಡಿದೆ. ಒತ್ತಿದರೆ ಬಿಟ್ಟಲ್ಲಿಂದ ಶುರುವಾಗುವಂತೆ ಮಾಡಿದೆ. ಅಳತೆ ನಾಲ್ಕಕ್ಕೆ ಮೂರೇ ಇಟ್ಟೆ. ಎರಡೂ ಬದಿಗೆ ಕಪ್ಪು ಪಟ್ಟಿ ಬಂತು, ಅರ್ಜುನ ತೆಳ್ಳಗಾದ. ಆಟದ ಧ್ವನಿ ಸಣ್ಣಗೆ ಹಿಡಿದಿದ್ದರು, ಅದನ್ನು ಏರಿಸುವ ಸೆಟಿಂಗೂ ಅದರಲ್ಲೇ ಸಿಕ್ಕಿತು. ಟಿ.ವಿ.ಯ ಸ್ವಂತ ‘ಸಿನಿಮಾ’ ಧ್ವನಿಯನ್ನು ತೆಗೆದುಹಾಕಿದೆ, ಅದು ತಾಳದ ಕಿಣಿಕಿಣಿಯನ್ನೇ ನುಂಗುತ್ತಿತ್ತು.

ಹೆಸರಿನ ತೊಂದರೆಗೆ ಅಪ್ಪನೇ ಉಪಾಯ ಹೇಳಿದ. ಟಿ.ವಿ.ಗೆ ಕನ್ನಡ ಬರೆಯಲಿಕ್ಕೆ ಬರದಿದ್ದರೆ ನಾನೇ ಬರೆದುಕೊಡುತ್ತೇನೆ ಎಂದ. ಎಂಟೂವರೆ ತಾಸಿನ ಆಟವನ್ನು ಪ್ರವೇಶಗಳ ಲೆಕ್ಕದಲ್ಲಿ ಹದಿನಾಲ್ಕು ತುಂಡು ಮಾಡಿದ್ದೆವು, ತುಂಡಿಗೊಂದು ಫೋಲ್ಡರ್. ಅಪ್ಪ ಹದಿನಾಲ್ಕು ಬಿಳಿ ಹಾಳೆಗಳ ಮೇಲೆ ಕೆಂಪು ಸ್ಕೆಚ್ ಪೆನ್ನಿನಿಂದ ದಪ್ಪಗೆ ಬರೆದ: ‘ಗಣಪತಿ ಪೂಜಿ’, ‘ಚಿತ್ರಾಂಗದಾ ಬರೂದು’, ‘ಕುದುರಿ ಕಟ್ಟಿದ್ದು’, ‘ಅಪ್ಪ ಮಗ ಜಗಳ’. ಒಂದೊಂದನ್ನೂ ಫೋನಿನಲ್ಲಿ ಫೋಟೊ ತೆಗೆದು ‘ಫೋಲ್ಡರ್.ಜೆಪಿಜಿ’ ಎಂದು ಹೆಸರಿಟ್ಟು ಆಯಾ ಫೋಲ್ಡರಿಗೆ ಹಾಕಿದೆ. ಆ ಹೆಸರಿನ ಚಿತ್ರ ಇದ್ದರೆ ಕೋಡಿ ಅದನ್ನೇ ಮುಖಚಿತ್ರವಾಗಿ ತೋರಿಸುತ್ತದೆ. ಈಗ ಟಿ.ವಿ. ಹಚ್ಚಿದರೆ ಪರದೆ ತುಂಬ ಅಪ್ಪನ ಕೈಬರಹ, ‘ಜ’ದ ಬಾಲ ಉದ್ದಕ್ಕೆ ಎಳೆದಿರುವುದೂ ಕಾಣುತ್ತದೆ. ಎಲ್ಲಕ್ಕೂ ಎರಡು ಪ್ರತಿ ಮಾಡಿ, ಒಂದು ಹಾರ್ಡ್ ಡಿಸ್ಕನ್ನು ಗದಗಿನಲ್ಲಿರುವ ಅಣ್ಣನ ಮನೆಯಲ್ಲಿ ಇಟ್ಟಿದ್ದೇನೆ.

ಚಿತ್ರದ ಬಗ್ಗೆ ಒಂದು ಮಾತು ಇದ್ದದ್ದನ್ನು ಇದ್ದಂತೆ ಹೇಳಬೇಕು. ವಿಸಿಡಿಯ ಒಂದು ಚಿತ್ರದಲ್ಲಿ ಇರುವುದು ಅಡ್ಡಕ್ಕೆ 352, ಉದ್ದಕ್ಕೆ 288, ಒಟ್ಟು ಒಂದು ಲಕ್ಷದಷ್ಟು ಚುಕ್ಕಿ. 4ಕೆ ಪರದೆಯಲ್ಲಿ 82 ಲಕ್ಷಕ್ಕೂ ಮೇಲೆ. ನಡುವಿನದನ್ನೆಲ್ಲ ಯಂತ್ರ ಊಹಿಸಿ ತುಂಬುತ್ತದೆ. ಹಳೇ ವಿಡಿಯೋವನ್ನು 4ಕೆ ಮಾಡಿಕೊಡುವ ಪೆಟ್ಟಿಗೆ ಎಂದು ಯಾರಾದರೂ ಹೆಚ್ಚು ಹಣ ಕೇಳಿದರೆ ಕೊಡಬೇಡಿ. ಕ್ಯಾಮೆರಾ ಹಿಡಿಯದ ಗೆಜ್ಜೆಯನ್ನು ಪ್ಲೇಯರ್ ಎಲ್ಲಿಂದ ತಂದೀತು? ಕುರ್ಚಿಯನ್ನು ನಾಲ್ಕು ಅಡಿ ಹಿಂದಕ್ಕೆ ಹಾಕಿಕೊಂಡೆವು, ಅದು ಹೆಚ್ಚು ಕೆಲಸ ಮಾಡಿತು.

ಈಗ ರವಿವಾರದ ಪಾಠ ಮತ್ತೆ ನಡೆದಿದೆ. ಹೋದ ವಾರ ಹುಡುಗ ಒಂದು ತಿರುವಿನಲ್ಲಿ ಮತ್ತೆ ಮತ್ತೆ ತಪ್ಪುತ್ತಿದ್ದ. ಅಪ್ಪ ರಿಮೋಟು ಮಂಡಿಯ ಮೇಲೆ ಇಟ್ಟುಕೊಂಡು, ಕಣ್ಣು ತೆಗೆಯದೆ, ಹೆಬ್ಬೆರಳಿನಿಂದ ಎಡಬಾಣ ಒತ್ತುತ್ತಾ ಹೋದ. ಅದೇ ಹತ್ತು ಸೆಕೆಂಡ್ ಹನ್ನೊಂದು ಸಲ ಬಂತು, ನಾನು ಒಳಗೆ ರೊಟ್ಟಿ ಬಡಿಯುತ್ತಾ ಎಣಿಸಿದೆ. ಹನ್ನೆರಡನೆಯ ಸಲಕ್ಕೆ ಹುಡುಗನ ಕಾಲೂ ಮದ್ದಳೆಯೂ ಒಂದೇ ಕಡೆ ಬಿದ್ದ ಸದ್ದು ಅಡುಗೆಮನೆಗೇ ಕೇಳಿತು.

ಬರುವ ಅಮಾವಾಸ್ಯೆಗೆ ಬೋರ್ಡನ್ನು ಊರಿಗೆ ಒಯ್ಯಬೇಕು. ಹನುಮಪ್ಪನ ಗುಡಿಯ ಪಡಸಾಲೆಯಲ್ಲಿ ಉಳಿದ ಪಾತ್ರದ ಹುಡುಗರೆಲ್ಲ ಕೂಡುತ್ತಾರೆ. ಅಲ್ಲಿರುವುದು ಹಳೆಯ ಡಬ್ಬಿ ಟಿ.ವಿ., ಎಚ್‌ಡಿಎಂಐ ಇಲ್ಲ, ಹಳದಿ ಕೆಂಪು ಬಿಳಿ ಕಿಂಡಿಗಳಷ್ಟೇ. ಪೈ 4ರಲ್ಲಿ ಇಯರ್‌ಫೋನ್ ತೂತಿನಂತೆ ಕಾಣುವ ಕಿಂಡಿಯಿಂದ ಧ್ವನಿಯ ಜೊತೆ ಚಿತ್ರವೂ ಹೊರಬರುತ್ತದೆ, ಆದರೆ ಅದನ್ನು ಸೆಟಿಂಗಿನಲ್ಲಿ ಮೊದಲೇ ತೆರೆದಿಡಬೇಕು. ನೋಡಲಿಕ್ಕೆ ಒಂದೇ ಥರ ಇದ್ದರೂ ಚಿತ್ರದ ಎಳೆ, ಅರ್ಥಿನ ಎಳೆ ಅದಲುಬದಲಾಗಿರುವ ವೈರುಗಳು ಮಾರುಕಟ್ಟೆಯಲ್ಲಿವೆ. ನಾನು ಮೊದಲು ತಂದದ್ದು ಅಂಥದ್ದೇ, ಪರದೆ ಮೇಲೆ ಬರೀ ಗೆರೆ ಬಂದವು. ಎರಡನೆಯದು ಸರಿಯಾಯಿತು. ಪಕ್ಕದ ಮನೆಯವರ ಅಟ್ಟದ ಮೇಲಿದ್ದ ಡಬ್ಬಿ ಟಿ.ವಿ.ಗೆ ಹಚ್ಚಿ ನೋಡಿದೆ. ಆ ಕಾಲದ ಚಿತ್ರ ಆ ಕಾಲದ ಪರದೆಯ ಮೇಲೆ ಕೂತಾಗ ಚೌಕಗಳೆಲ್ಲ ಕರಗಿ, ಅಪ್ಪನ ಹಣೆಯ ಮೇಲಿನ ಬಣ್ಣ ಬೆವರಿಗೆ ಇಳಿಯುತ್ತಿದ್ದದ್ದು ಮೊದಲ ಸಲ ಕಾಣಿಸಿತು. ವೈರನ್ನು ಸುತ್ತಿ, ಚಾರ್ಜರಿನ ಜೊತೆ ಚೀಲದಲ್ಲಿ ಇಟ್ಟಿದ್ದೇನೆ.